ಹಳೇ ಪಿಕಪ್‌ನಲ್ಲಿ ಎಂಜಿನ್ ಆಯಿಲ್ ಸೋರುತ್ತಿದೆ, ಗೇರ್‌ಬಾಕ್ಸ್ ಇಳಿಸಲೇಬೇಕಾ?

ಬಾಣಾವರದ_ಪಿಕಪ್:

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಮಾಡೆಲ್ ಡೀಸೆಲ್ ಪಿಕಪ್. ನಾಲ್ಕು ಸಿಲಿಂಡರ್, ಟರ್ಬೊ ಇರುವ 2.5 ಲೀಟರ್ ಎಂಜಿನ್. ನಾಲ್ಕು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆ. ಈಗ ಮೀಟರ್ 2,40,000 ಕಿ.ಮೀ. ದಾಟಿದೆ. ವಾರಕ್ಕೆ ಎರಡು ಸಲ ಕಾಯಿ ಅಥವಾ ಕೊಬ್ಬರಿ ತುಂಬಿಕೊಂಡು ಅರಸೀಕೆರೆ ಮೇಲೆ ತಿಪಟೂರಿಗೆ ಹೋಗುತ್ತೇನೆ. ಎಳನೀರು ಲೋಡ್ ಸಿಕ್ಕರೆ ಶಿರಾಡಿ ಇಳಿದು ಮಂಗಳೂರಿಗೂ ಹೋಗಿ ಬರುವುದುಂಟು.

ಮೂರು ತಿಂಗಳಿಂದ ಎಂಜಿನ್ ಆಯಿಲ್ ಸೋರುತ್ತಿದೆ. ರಾತ್ರಿ ಅಂಗಳದಲ್ಲಿ ನಿಲ್ಲಿಸಿದರೆ ಬೆಳಿಗ್ಗೆ ಹೊತ್ತಿಗೆ ಎಂಜಿನ್ನೂ ಗೇರ್‌ಬಾಕ್ಸೂ ಸೇರುವ ಜಾಗದ ನೇರಕ್ಕೆ ಕೆಳಗೆ ಅಂಗೈ ಅಗಲ ಕಪ್ಪು ಕಲೆ. ಅಮ್ಮ ದಿನಾ ತೊಳೆಯುವ ಜಾಗ ಅದು, ಈಗ ಎಷ್ಟು ತಿಕ್ಕಿದರೂ ಕಲೆ ಹೋಗುತ್ತಿಲ್ಲ. 1000 ಕಿ.ಮೀ.ಗೆ ಹೆಚ್ಚುಕಮ್ಮಿ ಅರ್ಧ ಲೀಟರ್ ಆಯಿಲ್ ಮೇಲಿಂದ ಹಾಕುತ್ತಿದ್ದೇನೆ. ಲೋಡ್ ಇಟ್ಟುಕೊಂಡು ಘಾಟಿ ಹತ್ತುವಾಗ ಸುಟ್ಟ ಎಣ್ಣೆ ವಾಸನೆ ಕ್ಯಾಬಿನ್ ಒಳಗೇ ಬರುತ್ತದೆ. ನೀಲಿ ಹೊಗೆ ಇಲ್ಲ, ಎಳೆಯುವ ಶಕ್ತಿ ಕಮ್ಮಿಯಾಗಿಲ್ಲ, ಆಯಿಲ್ ದೀಪ ಒಂದು ಸಲವೂ ಹತ್ತಿಲ್ಲ.

ಇಬ್ಬರು ಮೆಕ್ಯಾನಿಕ್‌ಗಳಿಗೆ ತೋರಿಸಿದೆ. ಒಬ್ಬರು ಕೆಳಗೆ ಬಗ್ಗಿ ಒಂದು ನಿಮಿಷ ನೋಡಿ, ಹಿಂದಿನ ಕ್ರ್ಯಾಂಕ್ ಸೀಲ್ (ಎಂಜಿನ್ನಿನ ತಿರುಗುವ ದಂಡ ಗೇರ್‌ಬಾಕ್ಸ್ ಕಡೆ ಹೊರಬರುವಲ್ಲಿ ಎಣ್ಣೆ ತಡೆಯುವ ರಿಂಗ್) ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು, ಇಳಿಸಿದ ಮೇಲೆ ಕ್ಲಚ್ ಪ್ಲೇಟೂ ಹಾಕಿಸಿಬಿಡಿ, ಒಟ್ಟು 16,000 ಆಗುತ್ತದೆ ಅಂದರು. ಇನ್ನೊಬ್ಬರು, ಸೀಲ್ ಹಾಕಿದರೂ ನಿಲ್ಲುವುದಿಲ್ಲ, ಬ್ಯಾಕ್ ಕಂಪ್ರೆಶನ್ ಬಂದಿದೆ (ಪಿಸ್ಟನ್ ಸಂದಿಯಿಂದ ಗಾಳಿ ಕೆಳಗೆ ನುಗ್ಗುತ್ತಿದೆ), ಎಂಜಿನ್ ಬಿಚ್ಚಿ ಬೋರ್ ಕೆಲಸ, ಅಂದರೆ ಸವೆದ ಸಿಲಿಂಡರ್ ಸರಿ ಮಾಡುವ ಕೆಲಸ, ಮಾಡಿಸಿ ಅಂದರು. ಒಂದೇ ಗಾಡಿಗೆ ಎರಡು ಮಾತು. ಮುಂದಿನ ತಿಂಗಳು ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್ ತಪಾಸಣೆ) ಬೇರೆ ಇದೆ. ವಾಟರ್ ಸರ್ವಿಸ್ ಮಾಡಿಸಿಯೂ ನೋಡಿದೆ, ತಿಪಟೂರಿಗೆ ಹೋಗಿ ಬರುವಷ್ಟರಲ್ಲಿ ಕೆಳಗೆಲ್ಲ ಮತ್ತೆ ಒದ್ದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಮನೆಯಲ್ಲೇ ನಾನು ನೋಡಬಹುದಾದದ್ದು ಏನಾದರೂ ಇದೆಯಾ?

ಸ್ಪ್ಯಾನರ್_14:

ಅಣ್ಣ, ಈಗಲೇ ಗೇರ್‌ಬಾಕ್ಸ್ ಇಳಿಸಬೇಡಿ. ಹನಿ ಬೀಳುವ ಜಾಗವೇ ಸೋರುವ ಜಾಗ ಅಂತ ಅಂದುಕೊಂಡರೆ ದುಡ್ಡು ಹಾಳು. ಎಣ್ಣೆ ಮೇಲಿಂದ ಕೆಳಗೆ ಇಳಿಯುತ್ತದೆ, ಗಾಡಿ ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಎಂಜಿನ್‌ನ ಮೇಲೆ ಎಲ್ಲೇ ಸೋರಲಿ, ಕೊನೆಗೆ ಬಂದು ತೊಟ್ಟಿಕ್ಕುವುದು ಹೆಚ್ಚಾಗಿ ಅದೇ ಬೆಲ್ ಹೌಸಿಂಗ್ (ಎಂಜಿನ್ನೂ ಗೇರ್‌ಬಾಕ್ಸೂ ಸೇರುವಲ್ಲಿನ ಕ್ಲಚ್ ಗೂಡು) ತುದಿಯಲ್ಲಿ. ಅದಕ್ಕೇ ಕೆಳಗೆ ಮಲಗಿ ನೋಡಿದವರಿಗೆಲ್ಲ ಅದು ಕ್ರ್ಯಾಂಕ್ ಸೀಲ್ ಅನ್ನಿಸುತ್ತದೆ. ನೀವು ಹುಡುಕಬೇಕಾದದ್ದು ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರುವ ಜಾಗವನ್ನು.

ಮೊದಲು ಅದು ಎಂಜಿನ್ ಆಯಿಲ್ಲೇ ಹೌದಾ ಅಂತ ಖಾತ್ರಿ ಮಾಡಿಕೊಳ್ಳಿ. ರಾತ್ರಿ ಗಾಡಿ ಕೆಳಗೆ ಒಂದು ದೊಡ್ಡ ರಟ್ಟು ಹಾಸಿ, ಮುಂದಿನ ಚಕ್ರಗಳು ಎಲ್ಲಿವೆ ಅಂತ ಪೆನ್ನಲ್ಲಿ ಗುರುತು ಹಾಕಿ. ಬೆಳಿಗ್ಗೆ ರಟ್ಟು ಎಳೆದು ನೋಡಿದರೆ ಯಾವ ಭಾಗದ ಕೆಳಗೆ ಎಷ್ಟು ಹನಿ ಅಂತ ನಕ್ಷೆ ಹಾಕಿದ ಹಾಗೆ ಕಾಣುತ್ತದೆ. ಡೀಸೆಲ್ ಗಾಡಿಯ ಎಂಜಿನ್ ಆಯಿಲ್ ಕಪ್ಪಗೆ ಇರುತ್ತದೆ. ಗೇರ್ ಆಯಿಲ್ ದಪ್ಪ, ಬೆರಳಿಗೆ ಹಚ್ಚಿ ಮೂಸಿದರೆ ಗಂಧಕದ ಘಾಟು. ಪವರ್ ಸ್ಟಿಯರಿಂಗ್ ಆಯಿಲ್ ಸಾಮಾನ್ಯವಾಗಿ ಕೆಂಪಗೆ, ತೆಳ್ಳಗೆ. ಕೊಳೆ ಹಿಡಿದ ಮೇಲೆ ನೋಡಿದರೆ ಒಂದೇ ಥರ, ಮೂಸಿದರೆ ಬೇರೆ ಬೇರೆ.

ಆಮೇಲೆ ತೊಳೆಯುವುದು. ನೀವು ವಾಟರ್ ಸರ್ವಿಸ್ ಮಾಡಿಸಿದ್ದು ತಪ್ಪಲ್ಲ, ತೊಳೆದು ಸೀದಾ ಲೋಡ್ ಹಾಕಿಕೊಂಡು ಹೋದದ್ದು ತಪ್ಪು. ತಿಪಟೂರಿಗೆ ಹೋಗಿ ಬರುವಷ್ಟು ಓಡಿಸಿದರೆ ಎಣ್ಣೆ ಎಲ್ಲಾ ಕಡೆ ಹರಡಿರುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಡೈನಮೋ, ಏರ್ ಫಿಲ್ಟರ್ ಬಾಯಿ, ವೈರಿಂಗ್ ಸಾಕೆಟ್‌ಗಳಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ. ಡಿಗ್ರೀಸರ್ ಇಲ್ಲದಿದ್ದರೆ ಸ್ವಲ್ಪ ಡೀಸೆಲ್ ಮತ್ತು ಬ್ರಷ್ ಸಾಕು. ಎಂಜಿನ್ ತಲೆ ಮೇಲಿನ ಟ್ಯಾಪೆಟ್ ಕವರ್‌ನಿಂದ ಶುರು ಮಾಡಿ ಕೆಳಗೆ ಆಯಿಲ್ ನಿಲ್ಲುವ ಚೇಂಬರ್ ತನಕ ಉಜ್ಜಿ, ಬನಿಯನ್ ವೇಸ್ಟ್‌ನಲ್ಲಿ ಒರೆಸಿ. ಸೈಲೆನ್ಸರ್ ಪೈಪ್ ಕಡೆ ಡೀಸೆಲ್ ಉಳಿಯದ ಹಾಗೆ ಒರೆಸಿ, ಪೂರ್ತಿ ಒಣಗುವ ತನಕ ಸ್ಟಾರ್ಟ್ ಮಾಡಬೇಡಿ.

ಒಣಗಿದ ಮೇಲೆ ಮುಖಕ್ಕೆ ಹಾಕುವ ಪೌಡರ್ ತೆಗೆದುಕೊಂಡು ಅನುಮಾನ ಇರುವ ಜೋಡಣೆಗಳ ಮೇಲೆ ತೆಳ್ಳಗೆ ಉದುರಿಸಿ. ಬೆಲ್ಟ್ ಮೇಲೆ ಬೀಳಬಾರದು. ರಂಗೋಲಿ ಪುಡಿ ಹಾಕಬೇಡಿ, ಅದು ಕಲ್ಲಿನ ಪುಡಿ, ಸೀಲಿಗೂ ಬೇರಿಂಗಿಗೂ ಒಳ್ಳೆಯದಲ್ಲ. ಈಗ 10 ನಿಮಿಷ ಐಡ್ಲಿಂಗ್ ಬಿಟ್ಟು, ಬಂದ್ ಮಾಡಿ ಟಾರ್ಚ್ ಹಾಕಿ ನೋಡಿ. ಏನೂ ಕಾಣದಿದ್ದರೆ 5 ಕಿ.ಮೀ. ಓಡಿಸಿ ನೋಡಿ. ಆಮೇಲೆ 20. ಎಣ್ಣೆ ಹೊರಟ ಜಾಗದಲ್ಲಿ ಬಿಳೀ ಪೌಡರ್ ಮೇಲೆ ಕಪ್ಪು ಗೆರೆ ಎದ್ದು ಕಾಣುತ್ತದೆ. ಆಯಿಲ್‌ಗೆ ಬೆರೆಸುವ ಡೈ ಮತ್ತು ಯುವಿ ಟಾರ್ಚ್ ಕೂಡ ಸಿಗುತ್ತದೆ, ಪೌಡರ್‌ನಲ್ಲಿ ಗೊತ್ತಾಗದಿದ್ದರೆ ಅದನ್ನು ತರಿಸಿ.

ಇನ್ನೊಂದು ಮಾತು. ಕೆಳಗೆ ಹೋಗುವಾಗ ಬರೀ ಜಾಕ್ ನಂಬಬೇಡಿ. ಸ್ಟ್ಯಾಂಡ್ ಇಡಿ, ಚಕ್ರಕ್ಕೆ ಕಲ್ಲು ಕೊಡಿ.

ಘಾಟಿ_ಡೀಸೆಲ್_ಪುತ್ತೂರು:

ಮೇಲಿನವರು ಹೇಳಿದ್ದು ಸರಿ ಮಾರಾಯ್ರೇ. ಪೌಡರ್ ಹಾಕುವಾಗ ಬಿಟ್ಟುಹೋಗಬಾರದ ಕೆಲವು ಜಾಗ ಹೇಳುತ್ತೇನೆ.

ಡೈನಮೋ ಹಿಂದೆ ನೋಡಿ. ನಮ್ಮ ಕಡೆ ಓಡುವ ಹಳೇ ಡೀಸೆಲ್ ಪಿಕಪ್‌ಗಳಲ್ಲಿ ತುಂಬಾ ಗಾಡಿಗಳಿಗೆ ಬ್ರೇಕಿನ ವ್ಯಾಕ್ಯೂಮ್ ಪಂಪ್ ಡೈನಮೋ ಬೆನ್ನಿಗೇ ಕೂತಿರುತ್ತದೆ. ಅದಕ್ಕೆ ಎಂಜಿನ್‌ನಿಂದ ಆಯಿಲ್ ಹೋಗಲು ಒಂದು ಪೈಪ್, ವಾಪಸ್ ಬರಲು ಒಂದು ಹೋಸ್. ಆ ವಾಪಸ್ ಹೋಸ್ ಬಿಸಿಗೆ ಗಟ್ಟಿಯಾಗಿ ಕ್ಲಿಪ್ ಹತ್ತಿರ ಸೀಳು ಬಿಡುತ್ತದೆ. ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ, ಕೈ ಹಾಕಿ ಹೋಸಿನ ಅಡಿ ಮುಟ್ಟಬೇಕು. ಪೆಡಲ್ ಗಟ್ಟಿಯಾಗಿದೆ, ಬ್ರೇಕ್ ಮೊದಲಿನ ಹಾಗೆ ಹಿಡಿಯುತ್ತಿಲ್ಲ ಅನ್ನಿಸಿದರೆ ಅದನ್ನೇ ಮೊದಲು ನೋಡಿ. ಘಾಟಿ ಇಳಿಯುವ ಗಾಡಿ ನಿಮ್ಮದು, ಬ್ರೇಕ್ ವಿಷಯದಲ್ಲಿ ನಾಳೆ ನೋಡೋಣ ಅನ್ನಬೇಡಿ.

ಆಮೇಲೆ ಆಯಿಲ್ ದೀಪ ಹತ್ತಿಸುವ ಆಯಿಲ್ ಪ್ರೆಶರ್ ಸ್ವಿಚ್. ಚಿಕ್ಕ ವಸ್ತು, ಒಂದು ವೈರ್ ಬಂದಿರುತ್ತದೆ. ಸಾಕೆಟ್ ಕಿತ್ತಾಗ ಒಳಗೆ ಎಣ್ಣೆ ಇದ್ದರೆ ಸ್ವಿಚ್ಚೇ ಸೋರುತ್ತಿದೆ ಅಂತ ಲೆಕ್ಕ. ಫಿಲ್ಟರ್ ಬದಲಾಯಿಸಿದ ಮೇಲೆ ಸೋರಿಕೆ ಶುರುವಾಗಿದ್ದರೆ, ಹಳೇ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೇ ಅಂಟಿ ಉಳಿದು ಅದರ ಮೇಲೆ ಹೊಸ ಫಿಲ್ಟರ್ ಕೂರಿಸಿರಬಹುದು. ಇದು ಆಗುತ್ತಲೇ ಇರುತ್ತದೆ. ಡ್ರೈನ್ ಬೋಲ್ಟಿನ ವಾಷರ್ ನೋಡಿ. ಟರ್ಬೊಗೆ ಆಯಿಲ್ ಹೋಗುವ ಪೈಪು, ಅದರ ಕೆಳಗಿನ ವಾಪಸ್ ಪೈಪು, ಎರಡನ್ನೂ ನೋಡಿ.

ವಾಸನೆ ಬಗ್ಗೆ ಹೇಳಿದಿರಿ ಅಲ್ವಾ, ಅದನ್ನು ಹಗುರ ಮಾಡಬೇಡಿ. ಲೋಡಿನಲ್ಲಿ ಘಾಟಿ ಹತ್ತುವಾಗ ಎಂಜಿನ್ನಿನ ಹೊಗೆ ಹೊರಬರುವ ಎಗ್ಸಾಸ್ಟ್ ಮ್ಯಾನಿಫೋಲ್ಡ್, ಟರ್ಬೊ ಎರಡೂ ಕೆಂಡದ ಹಾಗೆ ಕಾದಿರುತ್ತವೆ. ಅದರ ಮೇಲೆ ಎಣ್ಣೆ ತೊಟ್ಟಿಕ್ಕಿದರೆ ಬೆಂಕಿ ಹತ್ತಬಹುದು. ಜಾಗ ಗೊತ್ತಾಗುವ ತನಕ ಶಿರಾಡಿ ಟ್ರಿಪ್ ಬೇಡ. ಕ್ಯಾಬಿನ್‌ನಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇದೆಯಾ ನೋಡಿಕೊಳ್ಳಿ.

ಹಳೇ_ಗ್ಯಾರೇಜ್_ಹುಬ್ಬಳ್ಳಿ:

ನಾನು 30 ವರ್ಷ ಡೀಸೆಲ್ ಗಾಡಿ ಕೆಲಸ ಮಾಡಿದವನು, ಈಗ ಮಗ ನೋಡಿಕೊಳ್ಳುತ್ತಾನೆ. ಜಾಗ ಹುಡುಕುವುದನ್ನು ಇಬ್ಬರೂ ಚೆನ್ನಾಗಿ ಹೇಳಿದ್ದಾರೆ. ನಾನು ಕೇಳುವುದು ಬೇರೆ. ಎಣ್ಣೆ ಯಾಕೆ ಹೊರಗೆ ಬರುತ್ತಿದೆ?

ಪಿಸ್ಟನ್ ರಿಂಗ್ ಸಂದಿಯಿಂದ ಸ್ವಲ್ಪ ಗಾಳಿ ಕೆಳಗೆ ಚೇಂಬರಿಗೆ ಇಳಿಯುವುದು ಎಲ್ಲಾ ಎಂಜಿನ್ನಿನಲ್ಲೂ ಇದೆ, ಹೊಸ ಗಾಡಿಯಲ್ಲೂ ಇದೆ. ಆ ಗಾಳಿ ಹೊರಗೆ ಹೋಗಲಿ ಅಂತಲೇ ಬ್ರೀದರ್ ಕೊಟ್ಟಿರುವುದು. ಟ್ಯಾಪೆಟ್ ಕವರ್‌ನಿಂದ ಅಥವಾ ಬ್ಲಾಕ್ ಪಕ್ಕದಿಂದ ಒಂದು ದಪ್ಪ ಹೋಸ್ ಹೊರಟು ಏರ್ ಫಿಲ್ಟರಿಗೂ ಟರ್ಬೊಗೂ ನಡುವಿನ ಪೈಪಿಗೆ ಸೇರುತ್ತದೆ. ಅದು ಕಟ್ಟಿಕೊಂಡರೆ ಗಾಳಿಗೆ ದಾರಿ ಇಲ್ಲ. ಒಳಗೆ ಒತ್ತಡ ಏರುತ್ತದೆ. ಆಗ ಎಲ್ಲಿ ಪ್ಯಾಕಿಂಗ್ (ಜೋಡಣೆ ನಡುವಿನ ಗ್ಯಾಸ್ಕೆಟ್) ಸೋತಿದೆ, ಎಲ್ಲಿ ಸೀಲ್ ಹಳೆಯದಾಗಿದೆ, ಅಲ್ಲಿಂದ ಎಣ್ಣೆಯನ್ನು ಹೊರಗೆ ನೂಕುತ್ತದೆ. ಟರ್ಬೊದಿಂದ ಎಣ್ಣೆ ತನ್ನಷ್ಟಕ್ಕೆ ಕೆಳಗೆ ಇಳಿಯಬೇಕು, ಒತ್ತಡ ಇದ್ದರೆ ಅದೂ ಇಳಿಯುವುದಿಲ್ಲ.

ಬಹಳ ವರ್ಷದ ಹಿಂದೆ ಒಂದು ಗಾಡಿಗೆ ನಾನೇ ಹಿಂದಿನ ಕ್ರ್ಯಾಂಕ್ ಸೀಲ್ ಹಾಕಿದ್ದೆ. ಹದಿನೈದು ದಿನಕ್ಕೆ ವಾಪಸ್ ಬಂತು. ಸೀಲ್ ಡೂಪ್ಲಿಕೇಟ್ ಇರಬೇಕು ಅಂತ ಬೇರೆ ತರಿಸಿ ಮತ್ತೆ ಗೇರ್‌ಬಾಕ್ಸ್ ಇಳಿಸಿದೆ. ಅದೂ ಸೋರಿತು. ಆ ಡ್ರೈವರ್ ಎರಡು ಸಲವೂ ಒಂದು ಮಾತು ಆಡದೆ ದುಡ್ಡು ಕೊಟ್ಟಿದ್ದ. ಮೂರನೇ ಸಲ ಬ್ರೀದರ್ ಪೈಪ್ ಬಿಚ್ಚಿ ಊದಿದರೆ ಒಂದು ಚೂರೂ ಗಾಳಿ ಹೋಗಲಿಲ್ಲ. ಅವತ್ತಿನಿಂದ ಸೀಲ್ ಮುಟ್ಟುವ ಮೊದಲು ಬ್ರೀದರ್ ಬಿಚ್ಚದೆ ನಾನು ಯಾವ ಗಾಡಿಯ ಕೆಲಸವನ್ನೂ ಶುರು ಮಾಡಿಲ್ಲ.

ನೀವು ಹೀಗೆ ಮಾಡಿ. ಎಂಜಿನ್ ಬಿಸಿಯಾಗಿರಲಿ, ಐಡ್ಲಿಂಗ್‌ನಲ್ಲಿರಲಿ. ಕೈಗೆ ಬಟ್ಟೆ ಸುತ್ತಿಕೊಂಡು, ಮುಖ ಪಕ್ಕಕ್ಕೆ ಇಟ್ಟುಕೊಂಡು ಆಯಿಲ್ ಹಾಕುವ ಮುಚ್ಚಳ ನಿಧಾನಕ್ಕೆ ತಿರುಗಿಸಿ ತೆಗೆಯಿರಿ. ಎಣ್ಣೆ ಸಿಡಿಯಬಹುದು, ಹುಷಾರು. ಆಮೇಲೆ ಮುಚ್ಚಳವನ್ನು ತಲೆಕೆಳಗು ಮಾಡಿ ಸುಮ್ನೆ ಬಾಯಿ ಮೇಲೆ ಇಡಿ. ತೆಗೆದ ಕೂಡಲೇ ಒಂದು ಸಲ ಬುಸ್ ಅಂತ ಬಂದು, ಆಮೇಲೆ ಮುಚ್ಚಳ ಸಣ್ಣಗೆ ನಡುಗುತ್ತಾ ಅಲ್ಲೇ ಕೂತರೆ ಅನುಮಾನ ಬ್ರೀದರ್ ಮೇಲೆ. ಬಿಡದೆ ಹೊಗೆ ಬರುತ್ತಾ ಮುಚ್ಚಳ ಕುಣಿದು ಹಾರಿಹೋದರೆ ಆಗ ರಿಂಗ್, ಬೋರ್ ಅಂತ ಯೋಚಿಸಬೇಕು, ಕಂಪ್ರೆಶನ್ ಗೇಜ್ ಹಾಕಿಸಿ ನೋಡಬೇಕು. ಸ್ವಲ್ಪ ಆವಿ ಆಡುವುದು ಹಳೇ ಡೀಸೆಲ್‌ಗೆ ಸಹಜ. ಅದನ್ನು ತೋರಿಸಿ ಬೋರ್ ಹೋಗಿದೆ ಅಂದರೆ ಒಪ್ಪಬೇಡಿ.

ಆಯಿಲ್ ಮಟ್ಟ ಅಳೆಯುವ ಡಿಪ್‌ಸ್ಟಿಕ್ ಕೂಡ ನೋಡಿ. ಗಾಡಿ ಸಮತಟ್ಟು ಜಾಗದಲ್ಲಿ ನಿಂತಿರಲಿ, ಬಂದ್ ಮಾಡಿ ಸ್ವಲ್ಪ ಹೊತ್ತು ಆಗಿರಲಿ. ಸೋರುತ್ತದೆ ಅಂತ ಮೇಲಿನ ಗೆರೆ ದಾಟಿ ತುಂಬುವವರು ಜಾಸ್ತಿ. ಹಾಗೆ ತುಂಬಿದರೆ ಕ್ರ್ಯಾಂಕ್ ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ, ಸೋರಿಕೆ ಇನ್ನೂ ಹೆಚ್ಚುತ್ತದೆ. ನೀವು ಹಾಕದೆಯೇ ಮಟ್ಟ ಏರಿದ್ದರೆ, ಮೂಸಿದಾಗ ಡೀಸೆಲ್ ವಾಸನೆ ಬಂದರೆ, ಒಳಗೆ ಡೀಸೆಲ್ ಇಳಿಯುತ್ತಿದೆ ಅಂತ ಅರ್ಥ. ಆಗ ಗಾಡಿ ಓಡಿಸಲೇಬೇಡಿ.

ಬಾಣಾವರದ_ಪಿಕಪ್:

ಮೂವರಿಗೂ ತುಂಬಾ ಧನ್ಯವಾದ. ಇವತ್ತು ಭಾನುವಾರ, ಬೆಳಿಗ್ಗೆಯಿಂದ ಅದೇ ಕೆಲಸ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಡಿಪ್‌ಸ್ಟಿಕ್ ಮಟ್ಟ ಎರಡು ಗೆರೆ ನಡುವೆ ಇದೆ, ಡೀಸೆಲ್ ವಾಸನೆ ಇಲ್ಲ. ರಟ್ಟಿನ ಮೇಲೆ ದೊಡ್ಡ ಕಲೆ ಬೆಲ್ ಹೌಸಿಂಗ್ ಕೆಳಗೆ. ಅದರಿಂದ ಒಂದು ಗೇಣು ಹಿಂದೆ ಎರಡೇ ಎರಡು ಚಿಕ್ಕ ಹನಿ ಬೇರೆ ಇವೆ, ಅದನ್ನು ಇವತ್ತೇ ನೋಡಿದ್ದು.

ಡೀಸೆಲ್ ಹಾಕಿ ಉಜ್ಜಿ ಒರೆಸುವುದಕ್ಕೇ ಎರಡು ಗಂಟೆ ಹಿಡಿಯಿತು. ಒಣಗಿದ ಮೇಲೆ ಪೌಡರ್ ಹಾಕಿ 10 ನಿಮಿಷ ಐಡ್ಲಿಂಗ್ ಬಿಟ್ಟೆ. ಎಲ್ಲಾ ಬೆಳ್ಳಗೇ ಇತ್ತು. ಡೈನಮೋ ಹಿಂದಿನ ಹೋಸ್ ಕೈಯಲ್ಲಿ ಮುಟ್ಟಿ ನೋಡಿದೆ, ಒಣಗಿದೆ. ಪ್ರೆಶರ್ ಸ್ವಿಚ್ ಸಾಕೆಟ್ ಒಳಗೂ ಒಣಗಿದೆ. ಟರ್ಬೊ ಪೈಪ್‌ಗಳೂ ಹಾಗೇ. ಆಮೇಲೆ 5 ಕಿ.ಮೀ. ಹೋಗಿ ಬಂದು ಬಾನೆಟ್ ಎತ್ತಿ ಟಾರ್ಚ್ ಹಿಡಿದೆ. ಟ್ಯಾಪೆಟ್ ಕವರ್‌ನ ಹಿಂದಿನ ಮೂಲೆ, ಕ್ಯಾಬಿನ್ ಕಡೆಯ ಗೋಡೆಗೆ ಅಂಟಿದ ಹಾಗಿರುವ ಜಾಗ. ಅಲ್ಲಿ ಪೌಡರ್ ಮೇಲೆ ಪೆನ್ಸಿಲ್ ದಪ್ಪದ ಕಪ್ಪು ಗೆರೆ, ಹಾಲು ಉಕ್ಕಿ ಪಾತ್ರೆ ಹೊರಗೆ ಇಳಿದ ಹಾಗೆ ಎಂಜಿನ್ ಬೆನ್ನಿನ ಮೇಲೆ ನೇರ ಇಳಿದಿತ್ತು. ಕನ್ನಡಿ ಹಿಡಿದು ನೋಡಿದರೆ ಆ ಗೆರೆ ಸೀದಾ ಬೆಲ್ ಹೌಸಿಂಗ್ ತನಕ. ಒಂದು ಎಳೆ ಎಗ್ಸಾಸ್ಟ್ ಕಡೆಗೂ ಹೋಗಿದೆ, ವಾಸನೆ ಅಲ್ಲಿಂದಲೇ ಇರಬೇಕು. ಬೆಲ್ ಹೌಸಿಂಗ್ ಅಡಿಯಲ್ಲಿ ಒಂದು ಚಿಕ್ಕ ತೂತು ಇದೆ, ಅದರೊಳಗೆ ತಂತಿಗೆ ಬಿಳಿ ಬಟ್ಟೆ ಸುತ್ತಿ ಹಾಕಿ ತೆಗೆದೆ. ಬಟ್ಟೆ ಮೇಲೆ ಕ್ಲಚ್ ಧೂಳು ಬಿಟ್ಟರೆ ಎಣ್ಣೆ ಇಲ್ಲ.

ಹುಬ್ಬಳ್ಳಿ ಯಜಮಾನರು ಹೇಳಿದ ಹಾಗೆ ಮುಚ್ಚಳವನ್ನೂ ತೆಗೆದೆ. ಬುಸ್ ಅಂತ ಒಂದು ಸಲ ಜೋರಾಗಿ ಬಂತು. ತಲೆಕೆಳಗು ಇಟ್ಟ ಮೇಲೆ ನಡುಗುತ್ತಿತ್ತು, ಹಾರಲಿಲ್ಲ. ಬ್ರೀದರ್ ಹೋಸ್ ಕಿತ್ತೆ. ಹೊರಗಿನಿಂದ ಚೆನ್ನಾಗಿದೆ. ಒಳಗೆ ಹಳೇ ಹುಣಸೆಹಣ್ಣಿನ ಹಾಗೆ ಕಪ್ಪಗೆ ಅಂಟಂಟು, ಸ್ಕ್ರೂಡ್ರೈವರ್ ತಳ್ಳಿದರೆ ಮುದ್ದೆ ಮುದ್ದೆಯಾಗಿ ಬಂತು. ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಆಯಿಲ್ ಬದಲಾಯಿಸಿದೆ, ಈ ಪೈಪನ್ನು ಒಬ್ಬರೂ ಮುಟ್ಟಿಲ್ಲ, ನಾನೂ ಕೇಳಿಲ್ಲ.

ಈಗ ಏನು ಮಾಡಲಿ? ಟ್ಯಾಪೆಟ್ ಕವರ್ ಬೋಲ್ಟ್‌ಗಳನ್ನು ಇನ್ನೊಂದು ಸುತ್ತು ಬಿಗಿ ಮಾಡಿದರೆ ನಿಲ್ಲುತ್ತದಾ? ನಮ್ಮೂರ ಅಂಗಡಿಯಲ್ಲಿ ಸೋರಿಕೆ ನಿಲ್ಲಿಸುವ ಬಾಟಲಿ ಒಂದು ಇದೆ, ಆಯಿಲ್‌ಗೆ ಸುರಿದರೆ ಸಾಕು ಅನ್ನುತ್ತಿದ್ದಾರೆ.

ಹಳೇ_ಗ್ಯಾರೇಜ್_ಹುಬ್ಬಳ್ಳಿ:

ಚೆನ್ನಾಗಿ ನೋಡಿದ್ದೀರಿ. ಆ ತೂತಿಗೆ ಬಟ್ಟೆ ಹಾಕಿ ನೋಡಿದ್ದಂತೂ ಬಹಳ ಒಳ್ಳೆಯ ಕೆಲಸ. ಕ್ರ್ಯಾಂಕ್ ಸೀಲ್ ಸೋರಿದ್ದರೆ ಒಳಗೆ ಒದ್ದೆ ಇರಲೇಬೇಕು, ಕ್ಲಚ್ಚೂ ಜಾರಲು ಶುರುವಾಗಬಹುದಿತ್ತು.

ಬೋಲ್ಟ್ ಬಿಗಿ ಮಾಡಬೇಡಿ. ಪ್ಯಾಕಿಂಗ್ ಬಿಸಿಗೆ ಗಟ್ಟಿಯಾಗಿ ಚಪ್ಪಟೆಯಾಗಿದೆ, ಬಿಗಿ ಮಾಡಿದಷ್ಟೂ ಕವರ್ ಬಾಗುತ್ತದೆ ಅಥವಾ ಬೋಲ್ಟ್ ಮುರಿಯುತ್ತದೆ. ಹೊಸ ಪ್ಯಾಕಿಂಗ್ ತನ್ನಿ, ದೊಡ್ಡ ಖರ್ಚಲ್ಲ. ಕವರ್ ತೆಗೆದ ಮೇಲೆ ಅಂಚು ನೇರ ಇದೆಯಾ ಅಂತ ಗಾಜಿನ ಮೇಲೆ ಇಟ್ಟು ನೋಡಿ. ಹಳೇ ಪ್ಯಾಕಿಂಗ್ ಚೂರು ಒಳಗೆ ಬೀಳದ ಹಾಗೆ ಬಟ್ಟೆ ಮುಚ್ಚಿ ಕೆರೆಯಿರಿ. ಅಲ್ಯೂಮಿನಿಯಂ ಮೇಲೆ ಉಳಿ ಹಾಕಬೇಡಿ. ಎರಡೂ ಕಡೆ ಎಣ್ಣೆ ಪಸೆ ಇಲ್ಲದಂತೆ ಒರೆಸಿ. ಸಿಲಿಕಾನ್ ಪೇಸ್ಟ್ ಸುತ್ತಲೂ ಮೆತ್ತುವ ಅಭ್ಯಾಸ ಇದೆ, ಅದು ಬೇಡ. ಹೆಚ್ಚಾದ ಪೇಸ್ಟ್ ಒಳಗೆ ಉದುರಿ ಕೆಳಗೆ ಆಯಿಲ್ ಪಂಪಿನ ಜಾಲರಿಗೆ ಸಿಕ್ಕಿಕೊಂಡರೆ ಎಂಜಿನ್ನೇ ಹೋಗುತ್ತದೆ. ಎರಡು ಭಾಗ ಕೂಡುವ ಮೂಲೆಯಲ್ಲಿ ಒಂದು ಕಾಳಿನಷ್ಟು ಸಾಕು. ನಡುವಿನ ಬೋಲ್ಟ್‌ನಿಂದ ಶುರು ಮಾಡಿ ಎರಡೂ ತುದಿಗೆ ಹೋಗುತ್ತಾ ಸ್ವಲ್ಪ ಸ್ವಲ್ಪವೇ, ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಉದ್ದ ಹ್ಯಾಂಡಲ್ ಹಾಕಬೇಡಿ.

ಬ್ರೀದರ್ ಹೋಸ್ ಹಳೆಯದನ್ನು ತೊಳೆಯುವುದಕ್ಕಿಂತ ಹೊಸದು ಹಾಕಿ. ಎಣ್ಣೆ ತಡೆಯುವ ಹೋಸೇ ಬೇಕು. ರೇಡಿಯೇಟರ್ ನೀರಿನ ಹೋಸ್ ಕತ್ತರಿಸಿ ಹಾಕಿದರೆ ಎಣ್ಣೆಗೆ ಉಬ್ಬಿ ಒಳಗೇ ಕುಸಿಯುತ್ತದೆ. ಹೋಸ್ ಸೇರುವ ಎರಡೂ ಬಾಯಿ, ಕವರ್ ಒಳಗಿನ ಬ್ರೀದರ್ ತಗಡು, ಎಲ್ಲಾ ತೊಳೆದು ಗಾಳಿ ಹೊಡೆಸಿ, ಪೂರ್ತಿ ಒಣಗಿಸಿ ಹಾಕಿ. ಪೈಪನ್ನು ರಸ್ತೆ ಕಡೆ ತೆರೆದು ಬಿಡುವ ಐಡಿಯಾ ಯಾರಾದರೂ ಕೊಟ್ಟರೆ ಕೇಳಬೇಡಿ.

ಆ ಬಾಟಲಿ ಗಟ್ಟಿಯಾದ ರಬ್ಬರ್ ಸೀಲನ್ನು ಸ್ವಲ್ಪ ಮೆತ್ತಗೆ ಮಾಡಿ ಉಬ್ಬಿಸುತ್ತದೆ, ಸ್ವಲ್ಪ ದಿನ ತಡೆಯಬಹುದು. ನಿಮ್ಮದು ಬ್ರೀದರ್ ಕಟ್ಟಿಕೊಂಡಿರುವ ಗಾಡಿ, ಅದಕ್ಕೆ ಬಾಟಲಿ ಏನು ಮಾಡುತ್ತದೆ? ಆ ದುಡ್ಡಿಗೆ ಪ್ಯಾಕಿಂಗ್ ತನ್ನಿ.

ಸ್ಪ್ಯಾನರ್_14:

ತುಂಬಾ ಖುಷಿ ಆಯಿತು ಅಣ್ಣ. ಕೆಳಗೆ ಒರೆಸಿದ ಎಣ್ಣೆ, ಉಜ್ಜಿದ ಡೀಸೆಲ್ ಎಲ್ಲಾ ಒಂದು ಕ್ಯಾನಿಗೆ ತುಂಬಿ ಗ್ಯಾರೇಜಿಗೆ ಕೊಡಿ, ಅವರಿಂದ ಹಳೇ ಆಯಿಲ್ ಕೊಳ್ಳುವವರು ಒಯ್ಯುತ್ತಾರೆ. ತೋಟದ ಮೂಲೆಗೆ ಸುರಿದರೆ ಮಣ್ಣಿಗೂ ಬಾವಿಗೂ ಇಳಿಯುತ್ತದೆ. ಹಾಗೇ ಆ ಎರಡು ಚಿಕ್ಕ ಹನಿ ಮರೆಯಬೇಡಿ.

ಬಾಣಾವರದ_ಪಿಕಪ್:

ಎರಡು ವಾರ ಆಯಿತು, ಬರೆಯುವುದು ತಡವಾಯಿತು. ಪ್ಯಾಕಿಂಗ್ ಅರಸೀಕೆರೆಯಲ್ಲಿ ಸಿಕ್ಕಿತು, ಬ್ರೀದರ್ ಹೋಸ್ ಹಾಸನದಿಂದ ತರಿಸಿದೆ. ಎರಡೂ ಸೇರಿ 1,150 ರೂಪಾಯಿ ಆಯಿತು. ಕವರ್ ಅಂಚು ನೇರವಾಗಿಯೇ ಇತ್ತು. ನಾನೂ ತಮ್ಮನೂ ಸೇರಿ ಒಂದು ಮಧ್ಯಾಹ್ನದಲ್ಲಿ ಮುಗಿಸಿದೆವು. ಹಿಂದಿನ ಮೂಲೆಯ ಬೋಲ್ಟ್ ಒಂದಕ್ಕೇ ಮುಕ್ಕಾಲು ಗಂಟೆ ಹಿಡಿಯಿತು, ಕೈ ಹೋಗುವ ಜಾಗವೇ ಅಲ್ಲ ಅದು.

ಅದಾದ ಮೇಲೆ ತಿಪಟೂರಿಗೆ ನಾಲ್ಕು ಟ್ರಿಪ್ ಆಗಿದೆ, ಮೊನ್ನೆ ಒಂದು ಲೋಡ್ ಶಿರಾಡಿಯನ್ನೂ ಹತ್ತಿಸಿದೆ. ವಾಸನೆ ಇಲ್ಲ. ಡಿಪ್‌ಸ್ಟಿಕ್ ಮಟ್ಟ ಕಣ್ಣಿಗೆ ಕಾಣುವಷ್ಟು ಇಳಿದಿಲ್ಲ. ಮುಚ್ಚಳ ತೆಗೆದರೆ ಬುಸ್ ಅನ್ನುವುದೂ ನಿಂತಿದೆ. ಆ ಎರಡು ಚಿಕ್ಕ ಹನಿ ಮಾತ್ರ ರಟ್ಟಿನ ಮೇಲೆ ಇನ್ನೂ ಬೀಳುತ್ತಿತ್ತು. ಬೆರಳಿಗೆ ಹಚ್ಚಿ ಮೂಸಿದೆ, ಗಂಧಕದ ಘಾಟು. ಗೇರ್‌ಬಾಕ್ಸಿನ ಡ್ರೈನ್ ಬೋಲ್ಟ್ ವಾಷರ್ ಸವೆದಿತ್ತು, ನಿನ್ನೆ ಬೇರೆ ವಾಷರ್ ಹಾಕಿ ಗೇರ್ ಆಯಿಲ್ ಮಟ್ಟ ಸರಿ ಮಾಡಿದೆ. ಇವತ್ತು ಬೆಳಿಗ್ಗೆ ರಟ್ಟು ಎಳೆದು ನೋಡಿದಾಗ ಏನೂ ಇರಲಿಲ್ಲ. ಎಫ್‌ಸಿಗೆ ಬುಧವಾರ ಹೋಗುತ್ತಿದ್ದೇನೆ.